ಬೇಲಿ ಆ್ಯಪನ್ನು ಎಬ್ಬಿಸಲಿ, ಆ್ಯಪ್ ಪ್ರಯಾಣಿಕರನ್ನು ಎಬ್ಬಿಸಲಿ: ಜಿಯೋಫೆನ್ಸ್ ಅಲರ್ಟ್ ತಪ್ಪದಂತೆ ಮಾಡುವುದು ಹೇಗೆ

ಬೆಂಗಳೂರಿನಿಂದ ಶಿವಮೊಗ್ಗದ ಕಡೆ ರಾತ್ರಿ ರೈಲು ಹತ್ತಿ, ಬೆಳಗಿನ ಜಾವ ಬೀರೂರಿನಲ್ಲೋ ತರೀಕೆರೆಯಲ್ಲೋ ಇಳಿಯಬೇಕಾದವರಿಗೆ ನೆಮ್ಮದಿಯ ನಿದ್ದೆ ಎಂಬುದಿಲ್ಲ. ರೈಲು ಅಲ್ಲಿ ನಿಲ್ಲುವುದು ಒಂದೆರಡು ನಿಮಿಷ ಮಾತ್ರ. ಕಣ್ಣು ತಪ್ಪಿದರೆ ಮುಂದಿನ ಊರು, ಕತ್ತಲು, ಚೀಲ, ಮಕ್ಕಳು. ಇಂಥವರನ್ನು ಸರಿಯಾದ ಹೊತ್ತಿಗೆ ಎಬ್ಬಿಸುವ ಒಂದು ಮೊಬೈಲ್ ಆ್ಯಪ್ ಬರೆಯುತ್ತಿದ್ದೇವೆ ಎಂದುಕೊಳ್ಳೋಣ. ನಿಲ್ದಾಣದ ಸುತ್ತ ಜಿಯೋಫೆನ್ಸ್ ಎಂಬ ಒಂದು ಕಾಲ್ಪನಿಕ ಬೇಲಿಯ ವೃತ್ತ ಎಳೆದು, ಫೋನ್ ಅದರೊಳಗೆ ಬಂದಾಗ ಗಂಟೆ ಬಾರಿಸಿದರೆ ಆಯಿತು ಎಂದು ಮೊದಲಿಗೆ ಅನ್ನಿಸುತ್ತದೆ. ಮೇಜಿನ ಮೇಲೆ ಪರೀಕ್ಷಿಸಿದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ರೈಲಿನಲ್ಲಿ ಕೈಕೊಡುತ್ತದೆ.

ಕೈಕೊಡಲು ಕಾರಣವಿದೆ. ಜಿಯೋಫೆನ್ಸ್ ಎಂದರೆ ನಮ್ಮ ಆ್ಯಪ್ ಸದಾ ಕಾಯುತ್ತಿರುವ ಬೇಲಿಯಲ್ಲ. ನಾವು ಅದನ್ನು ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸಿರುತ್ತೇವೆ. ಬ್ಯಾಟರಿ ಉಳಿಸುವ ಸಲುವಾಗಿ ಅದು ಆಗೊಮ್ಮೆ ಈಗೊಮ್ಮೆ ಸ್ಥಳ ನೋಡಿ, ದಾಟಿದಂತೆ ಕಂಡರೆ ನಮಗೆ ಸುದ್ದಿ ಮುಟ್ಟಿಸುತ್ತದೆ. ಆ ಸುದ್ದಿ ತಡವಾಗಬಹುದು, ಎರಡು ಸಲ ಬರಬಹುದು, ಬಾರದೆಯೂ ಇರಬಹುದು. ಹಾಗಾಗಿ ಬೇಲಿಯ ಸುದ್ದಿಯನ್ನೇ ನೇರವಾಗಿ ಅಲಾರ್ಮ್ ಮಾಡಬಾರದು ಎಂಬುದು ಈ ಲೇಖನದ ಉದ್ದಕ್ಕೂ ನನ್ನ ವಾದ. ಬೇಲಿಯ ಕೆಲಸ ಮಲಗಿರುವ ಆ್ಯಪನ್ನು ಎಬ್ಬಿಸುವುದು. ಪ್ರಯಾಣಿಕರನ್ನು ಯಾವಾಗ ಎಬ್ಬಿಸಬೇಕೆಂದು ಎಚ್ಚರಗೊಂಡ ಆ್ಯಪ್ ತಾನೇ ಲೆಕ್ಕ ಹಾಕಿ ನಿರ್ಧರಿಸಬೇಕು.

ಮೊದಲ ಹೆಜ್ಜೆ: ತ್ರಿಜ್ಯವನ್ನು ನಿಮಿಷಗಳಲ್ಲಿ ಯೋಚಿಸಿ

ಉತ್ತಮ ಫಲಿತಾಂಶಕ್ಕೆ ಕನಿಷ್ಠ 100ರಿಂದ 150 ಮೀಟರ್ ತ್ರಿಜ್ಯ ಇಡಿ ಎಂದು ಆಂಡ್ರಾಯ್ಡ್‌ನ ಅಧಿಕೃತ ಕೈಪಿಡಿ ಹೇಳುತ್ತದೆ. ಸುತ್ತಮುತ್ತ ವೈಫೈ ಜಾಲಗಳಿರುವ ಪೇಟೆಯಲ್ಲಿ ಸ್ಥಳದ ನಿಖರತೆ ಸಾಮಾನ್ಯವಾಗಿ 20ರಿಂದ 50 ಮೀಟರ್ ಸಿಗುತ್ತದೆ. ವೈಫೈ ಇಲ್ಲದ ಹಳ್ಳಿಗಾಡಿನಲ್ಲಿ ಅದೇ ನಿಖರತೆ ಹಲವು ನೂರು ಮೀಟರ್‌ಗಳಿಂದ ಹಲವು ಕಿಲೋಮೀಟರ್‌ವರೆಗೆ ಕುಸಿಯುತ್ತದೆ. ಅರಸೀಕೆರೆ ದಾಟಿದ ಮೇಲಿನ ಬಯಲನ್ನು ನೆನೆಸಿಕೊಳ್ಳಿ. ಹಳಿಯ ಪಕ್ಕ ತೆಂಗಿನ ತೋಟಗಳಿವೆಯೇ ಹೊರತು ವೈಫೈ ರೂಟರ್‌ಗಳಿಲ್ಲ.

ಇನ್ನು ತಡದ ಮಾತು. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಹಿನ್ನೆಲೆಯಲ್ಲಿರುವ, ಅಂದರೆ ಪರದೆಯ ಮೇಲೆ ತೆರೆದಿರದ, ಆ್ಯಪ್‌ಗಳಿಗೆ ಸ್ಥಳ ನೋಡಲು ಕಡಿವಾಣ ಬಿದ್ದಿದೆ. ಜಿಯೋಫೆನ್ಸ್ ಸುದ್ದಿ ಸರಾಸರಿ ಎರಡು ಮೂರು ನಿಮಿಷ ತಡವಾಗುವುದು ಸಹಜ. ಬಹಳ ಹೊತ್ತು ಅಲುಗಾಡದೆ ಇದ್ದ ಫೋನಿನಲ್ಲಿ ಅದು 6 ನಿಮಿಷದವರೆಗೂ ಹೋಗಬಹುದು. ಐಫೋನಿನ ರೀತಿ ಬೇರೆ. ಗಡಿ ದಾಟಿ, ಅದರಿಂದ ಒಂದಿಷ್ಟು ದೂರ ಸರಿದು, ಕನಿಷ್ಠ 20 ಸೆಕೆಂಡ್ ಅಲ್ಲೇ ಇದ್ದರೆ ಮಾತ್ರ ದಾಟಿದಂತೆ ಎಂಬುದು ಆಪಲ್ ತನ್ನ ಕೈಪಿಡಿಯಲ್ಲಿ ಹೇಳಿರುವ ನಿಯಮ. ಪರೀಕ್ಷೆ ಮಾಡುವಾಗ ಆ ದೂರವನ್ನು ಸುಮಾರು 200 ಮೀಟರ್ ಎಂದು ಹಿಡಿಯಿರಿ ಎಂದೂ ಅದೇ ಹೇಳುತ್ತದೆ.

ಈಗ ಲೆಕ್ಕ ಹಾಕೋಣ. ರೈಲಿನ ವೇಗ ಗಂಟೆಗೆ 90 ಕಿಲೋಮೀಟರ್ ಎಂದರೆ ನಿಮಿಷಕ್ಕೆ ಒಂದೂವರೆ ಕಿಲೋಮೀಟರ್. ಇಳಿಯುವ 10 ನಿಮಿಷ ಮುಂಚೆ ಎಬ್ಬಿಸಲು 15 ಕಿಲೋಮೀಟರ್ ಬೇಕು. ಸುದ್ದಿ 6 ನಿಮಿಷ ತಡವಾದರೆ ಇನ್ನೂ 9. ಸ್ಥಳದ ತಪ್ಪಿಗೆಂದು 2 ಸೇರಿಸಿ. ಒಟ್ಟು 26 ಆಯಿತು, 30 ಎಂದಿಟ್ಟುಕೊಳ್ಳಿ. 150 ಮೀಟರ್ ಬೇಲಿ ಹಾಕಿದ ಆ್ಯಪ್ ರೈಲಿನಲ್ಲಿ ಯಾಕೆ ಸುಮ್ಮನಿತ್ತು ಎಂಬುದಕ್ಕೆ ಉತ್ತರ ಇಲ್ಲೇ ಇದೆ. 300 ಮೀಟರ್ ಅಗಲದ ಆ ವೃತ್ತವನ್ನು ಇದೇ ವೇಗದ ರೈಲು 12 ಸೆಕೆಂಡಿನಲ್ಲಿ ದಾಟಿಬಿಡುತ್ತದೆ.

ಹಾಗಾದರೆ 30 ಕಿಲೋಮೀಟರ್ ದೂರದಲ್ಲೇ ಎಬ್ಬಿಸಿಬಿಡುವುದೇ? ರೈಲು ನಿಧಾನವಾಗಿ ಹೋಗುತ್ತಿದ್ದರೆ, ಕ್ರಾಸಿಂಗ್‌ಗೆಂದು ನಿಂತಿದ್ದರೆ, ಪಾಪ, ಪ್ರಯಾಣಿಕರು ಮುಕ್ಕಾಲು ಗಂಟೆ ಎದ್ದು ಕುಳಿತಿರಬೇಕಾಗುತ್ತದೆ. ಅದಕ್ಕೇ ಈ ಹೊರಬೇಲಿ ಸದ್ದು ಮಾಡುವುದು ಬೇಡ. ಅದು ಆ್ಯಪಿಗೆ ಮಾತ್ರ ಸುದ್ದಿ ಕೊಡಲಿ.

ಐಫೋನಿನಲ್ಲಿ ಬೇಲಿಯ ತ್ರಿಜ್ಯಕ್ಕೆ ಗರಿಷ್ಠ ಮಿತಿ ಇದೆ. ಅದನ್ನು ಐಫೋನಿನಲ್ಲಿ ಸ್ಥಳದ ಕೆಲಸ ನೋಡಿಕೊಳ್ಳುವ ಲೊಕೇಶನ್ ಮ್ಯಾನೇಜರ್‌ನಿಂದಲೇ ಕೇಳಿ ತಿಳಿದು, ನಿಮ್ಮ ತ್ರಿಜ್ಯ ಅದರೊಳಗಿದೆಯೇ ಎಂದು ನೋಡಿಕೊಳ್ಳಿ.

ಅನುಮತಿ ಕೇಳುವ ಕ್ರಮ

ಆ್ಯಪ್ ತೆರೆದ ಕೂಡಲೇ ಅನುಮತಿಗಳ ಸಾಲು ಮುಂದಿಟ್ಟರೆ ಜನ ‘ಬೇಡ’ ಒತ್ತುತ್ತಾರೆ. ಒತ್ತುವುದೇ ಸರಿ. ಪ್ರಯಾಣಿಕರು ನಿಲ್ದಾಣ ಆರಿಸಿ ‘ನನ್ನನ್ನು ಎಬ್ಬಿಸು’ ಎಂಬ ಗುಂಡಿ ಒತ್ತುವವರೆಗೂ ಸ್ಥಳ ಕೇಳಬೇಡಿ. ಆಮೇಲೆ ಮೊದಲು ಆ್ಯಪ್ ಬಳಸುವಾಗಿನ ಅನುಮತಿ ಕೇಳಿ. ಅದು ಸಿಕ್ಕ ಮೇಲೆ, ನಿಮ್ಮದೇ ಪರದೆಯಲ್ಲಿ ಕಾರಣ ವಿವರಿಸಿ, ಸದಾಕಾಲದ ಅನುಮತಿ ಕೇಳಿ. ಆಂಡ್ರಾಯ್ಡ್ 10ರಿಂದ ಹಿನ್ನೆಲೆ ಸ್ಥಳಕ್ಕೆ ಬೇರೆ ಅನುಮತಿ ಬೇಕು. 11ರಿಂದ ಅದನ್ನು ಪ್ರತ್ಯೇಕವಾಗಿಯೇ ಕೇಳಬೇಕು, ಬಳಕೆದಾರರು ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಆರಿಸಬೇಕು. ಆ ಪುಟದಲ್ಲಿ ಏನು ಒತ್ತಬೇಕೆಂದು ನೀವು ಮೊದಲೇ ಹೇಳದಿದ್ದರೆ ಅವರು ಅಲ್ಲಿಂದ ಸುಮ್ಮನೆ ಹಿಂದೆ ಬರುತ್ತಾರೆ.

ವಿವರಣೆ ಹೀಗಿರಬಹುದು: ‘ನೀವು ಮಲಗಿರುವಾಗ, ಫೋನಿನ ಪರದೆ ಆರಿರುವಾಗ ರೈಲು ಎಲ್ಲಿದೆ ಎಂದು ತಿಳಿದರೆ ಮಾತ್ರ ಎಬ್ಬಿಸಲು ಸಾಧ್ಯ. ನೀವು ಇಳಿದ ಮೇಲೆ ಸ್ಥಳ ನೋಡುವುದನ್ನು ನಿಲ್ಲಿಸುತ್ತೇವೆ. ನಿಮ್ಮ ಸ್ಥಳ ಫೋನಿನಿಂದ ಹೊರಗೆ ಹೋಗುವುದಿಲ್ಲ.’ ಹಾಗೆ ಬರೆದ ಮೇಲೆ ಹಾಗೆಯೇ ನಡೆದುಕೊಳ್ಳಿ. ಈ ಆ್ಯಪಿನ ಲೆಕ್ಕವೆಲ್ಲ ಫೋನಿನಲ್ಲೇ ಮುಗಿಯುತ್ತದೆ. ಯಾರು ಯಾವ ರಾತ್ರಿ ಎಲ್ಲಿಗೆ ಹೋದರು ಎಂಬುದನ್ನು ಸರ್ವರ್‌ಗೆ ಸಾಗಿಸುವ ಅಗತ್ಯವೇ ಇಲ್ಲ.

ಅನುಮತಿ ಸಿಕ್ಕಿದರೂ ಒಂದು ತೊಡಕು ಉಳಿದಿರುತ್ತದೆ. ಐಒಎಸ್ 14ರಿಂದ, ಆಂಡ್ರಾಯ್ಡ್ 12ರಿಂದ ಬಳಕೆದಾರರು ನಿಖರ ಸ್ಥಳ ಕೊಡದೆ ಅಂದಾಜು ಸ್ಥಳವನ್ನಷ್ಟೇ ಕೊಡಬಹುದು. ಅಂದಾಜು ಸ್ಥಳದಲ್ಲಿ ಎರಡೂ ಕಡೆ ಜಿಯೋಫೆನ್ಸ್ ನಡೆಯುವುದಿಲ್ಲ. ಇದನ್ನು ಪ್ರಯಾಣ ಶುರುವಾಗುವ ಮುನ್ನವೇ ಪರೀಕ್ಷಿಸಿ, ಕಣ್ಣಿಗೆ ಬೀಳುವಂತೆ ತಿಳಿಸಿ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಅನುಮತಿ ಬೇಕು. ಬೇಲಿ, ಲೆಕ್ಕ ಎಲ್ಲವೂ ಸರಿಯಿದ್ದು ಕೊನೆಗೆ ನೋಟಿಫಿಕೇಶನ್ ಬಾಯಿ ಕಟ್ಟಿದ್ದರೆ ಪ್ರಯಾಣಿಕರ ಪಾಲಿಗೆ ಆ್ಯಪ್ ಇಲ್ಲದಂತೆಯೇ.

ನೋಂದಣಿ, ಮತ್ತೆ ನೋಂದಣಿ

ನಿಲ್ದಾಣದ ಅಕ್ಷಾಂಶ ರೇಖಾಂಶಗಳನ್ನು ಹಾಕುವಾಗ ಅದಲುಬದಲು ಆಗದಂತೆ ನೋಡಿಕೊಳ್ಳಿ. ಗೂಗಲ್ ಮತ್ತು ಆಪಲ್ ಲೈಬ್ರರಿಗಳು ಅಕ್ಷಾಂಶವನ್ನು ಮೊದಲು ಕೇಳುತ್ತವೆ, ನಕ್ಷೆಯ ದತ್ತಾಂಶ ಇಡುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು ಬರುತ್ತದೆ. ಕಂಪ್ಯೂಟರ್‌ನಲ್ಲೇ ಫೋನನ್ನು ಅನುಕರಿಸುವ ಆಂಡ್ರಾಯ್ಡ್ ಎಮ್ಯುಲೇಟರ್‌ಗೆ ಕೈಯಾರೆ ಸ್ಥಳ ಕೊಡುವ ‘ಜಿಯೋ ಫಿಕ್ಸ್’ ಆದೇಶಕ್ಕೂ ರೇಖಾಂಶವೇ ಮೊದಲು. ಬೆಂಗಳೂರಿನ 12.97, 77.59 ತಿರುಗುಮುರುಗಾದರೆ ಬೇಲಿ ಆರ್ಕ್‌ಟಿಕ್ ವೃತ್ತದಾಚೆ, ಸ್ವಾಲ್‌ಬಾರ್ಡ್ ದ್ವೀಪಗಳ ಬಳಿ ಬೀಳುತ್ತದೆ. ಸಿಸ್ಟಮ್ ಅದನ್ನು ತಪ್ಪೆಂದು ಹೇಳದೆ ಒಪ್ಪಿಕೊಂಡು ಕಾಯುತ್ತದೆ. ಭಾರತದ ನಿಲ್ದಾಣಗಳಿಗೆ ಅಕ್ಷಾಂಶ 6ರಿಂದ 38ರ ಒಳಗೆ, ರೇಖಾಂಶ 68ರಿಂದ 98ರ ಒಳಗೆ ಇರಬೇಕೆಂಬ ಒಂದು ಸಾಲಿನ ತಪಾಸಣೆ ಸಾಕು, ಈ ತಪ್ಪು ಹತ್ತಿರ ಸುಳಿಯುವುದಿಲ್ಲ.

ಮುಂದಿನದು ಆರಂಭದ ಸ್ಥಿತಿ. ಬೀರೂರಿನಲ್ಲಿ ಹತ್ತಿ ತರೀಕೆರೆಯಲ್ಲಿ ಇಳಿಯುವವರನ್ನು ತೆಗೆದುಕೊಳ್ಳಿ. ನೇರ ದೂರ 20 ಕಿಲೋಮೀಟರ್ ಆಸುಪಾಸು. ಬೇಲಿ ಹಾಕುವ ಹೊತ್ತಿಗೆ ಅವರು ಆಗಲೇ 30 ಕಿಲೋಮೀಟರ್ ವೃತ್ತದ ಒಳಗಿದ್ದಾರೆ. ಐಫೋನ್ ದಾಟುವಿಕೆಯನ್ನು ಮಾತ್ರ ತಿಳಿಸುವುದರಿಂದ, ಒಳಗೇ ಇದ್ದವರ ವಿಷಯದಲ್ಲಿ ಮೌನವಾಗಿರುತ್ತದೆ. ಆದ್ದರಿಂದ ಬೇಲಿ ಹಾಕಿದ ಬೆನ್ನಿಗೇ ಈಗಿನ ಸ್ಥಿತಿ ಏನೆಂದು ಕೇಳಬೇಕು. ಆಂಡ್ರಾಯ್ಡ್‌ನಲ್ಲಿ ಆರಂಭಿಕ ಪ್ರಚೋದಕವಾಗಿ (ಇನಿಶಿಯಲ್ ಟ್ರಿಗರ್) ‘ಎಂಟರ್’ ಆರಿಸಬೇಕು, ಆಗ ಮೊದಲೇ ಒಳಗಿದ್ದವರಿಗೂ ಸುದ್ದಿ ಬರುತ್ತದೆ. ಎರಡಕ್ಕಿಂತ ಸರಳವಾದ ದಾರಿಯೂ ಇದೆ: ಗುಂಡಿ ಒತ್ತಿದಾಗಲೇ ಒಮ್ಮೆ ಸ್ಥಳ ನೋಡಿ, ಒಳಗಿದ್ದರೆ ಬೇಲಿಯ ಗೊಡವೆಗೆ ಹೋಗದೆ ನೇರ ಲೆಕ್ಕ ಶುರು ಮಾಡಿ.

ಆಂಡ್ರಾಯ್ಡ್‌ನಲ್ಲಿ ಬೇಲಿ ಶಾಶ್ವತವಲ್ಲ. ಫೋನ್ ಮರುಚಾಲನೆಯಾದರೆ, ಆ್ಯಪ್ ತೆಗೆದು ಮತ್ತೆ ಹಾಕಿದರೆ, ಆ್ಯಪಿನ ದತ್ತಾಂಶವನ್ನೋ ಗೂಗಲ್ ಪ್ಲೇ ಸರ್ವೀಸಸ್‌ನ ದತ್ತಾಂಶವನ್ನೋ ಅಳಿಸಿದರೆ ಅದು ಹೋಗಿಬಿಡುತ್ತದೆ. ಬಳಕೆದಾರರು ಲೊಕೇಶನ್ ಆಫ್ ಮಾಡಿದರೆ ‘ಜಿಯೋಫೆನ್ಸ್ ಲಭ್ಯವಿಲ್ಲ’ ಎಂಬ ದೋಷಸಂಕೇತ ಬರಬಹುದು. ಅದರ ಸಂಖ್ಯೆ 1000. ಅನೇಕ ಆ್ಯಪ್‌ಗಳು ಸುದ್ದಿ ಬಂದಾಗ ಅದರಲ್ಲಿ ದೋಷವಿದೆಯೇ ಎಂದು ನೋಡುವುದೇ ಇಲ್ಲ. ನೋಡಿ, ನಡೆಯುತ್ತಿರುವ ಪ್ರಯಾಣದ ವಿವರವನ್ನು ಫೋನಿನ ಡೇಟಾಬೇಸ್‌ನಲ್ಲಿ ಬರೆದಿಟ್ಟುಕೊಂಡು, ಇಂಥ ಪ್ರತಿ ಸಂದರ್ಭದಲ್ಲೂ, ಆ್ಯಪ್ ತೆರೆದಾಗಲೆಲ್ಲ, ಬೇಲಿಯನ್ನು ಮತ್ತೆ ನೋಂದಾಯಿಸಿ. ಅದೇ ಗುರುತಿನ ಹೆಸರಿನಲ್ಲಿ ನೋಂದಾಯಿಸಿದರೆ ಹಳೆಯದರ ಜಾಗದಲ್ಲಿ ಹೊಸದು ಕೂರುತ್ತದೆ, ಎರಡಾಗುವುದಿಲ್ಲ.

ಸುದ್ದಿ ಬಂದಾಗ ಏನು ನಡೆಯಬೇಕೆಂದು ನಾವು ಸಿಸ್ಟಮ್ ಕೈಗೆ ಮೊದಲೇ ಕೊಟ್ಟಿಡುವ ಚೀಟಿಯೇ ಪೆಂಡಿಂಗ್ ಇಂಟೆಂಟ್. ಆಂಡ್ರಾಯ್ಡ್ 12ರಿಂದ ಅದು ‘ಮ್ಯೂಟಬಲ್’ (ತಿದ್ದಬಹುದಾದದ್ದು) ಅಥವಾ ‘ಇಮ್ಯೂಟಬಲ್’ (ತಿದ್ದಲಾಗದ್ದು) ಎಂದು ಹೇಳಲೇಬೇಕು. ಉಳಿದೆಲ್ಲ ಕಡೆ ‘ಇಮ್ಯೂಟಬಲ್’ ಒಳ್ಳೆಯ ಅಭ್ಯಾಸ. ಆದರೆ ಜಿಯೋಫೆನ್ಸ್‌ನಲ್ಲಿ ಯಾವ ಬೇಲಿ, ಯಾವ ದಾಟುವಿಕೆ ಎಂಬ ವಿವರವನ್ನು ಸಿಸ್ಟಮ್ ಅದರೊಳಗೆ ತುಂಬಬೇಕಿರುವುದರಿಂದ ‘ಮ್ಯೂಟಬಲ್’ ಇರಲೇಬೇಕು. ಇಲ್ಲದಿದ್ದರೆ ಸುದ್ದಿ ಬರುತ್ತದೆ, ಒಳಗೆ ಖಾಲಿ. ಎಲ್ಲ ಸರಿಯಿದ್ದೂ ಏನೂ ಆಗುತ್ತಿಲ್ಲ ಎಂದು ತಲೆ ಕೆಡಿಸಿಕೊಂಡವರು ಮೊದಲು ಇದನ್ನು ನೋಡಿ.

ಸಂಖ್ಯೆಯ ಮಿತಿ ನಮ್ಮ ಆ್ಯಪಿಗೆ ಅಡ್ಡಿಯಲ್ಲ, ಆದರೆ ನೂರಾರು ಅಂಗಡಿ ಅಥವಾ ಬಸ್ ತಂಗುದಾಣಗಳಿಗೆ ಬೇಲಿ ಹಾಕುವವರಿಗೆ ಮುಖ್ಯ. ಆಂಡ್ರಾಯ್ಡ್‌ನಲ್ಲಿ ಒಂದು ಆ್ಯಪಿಗೆ 100, ಐಫೋನಿನಲ್ಲಿ 20. ಹತ್ತಿರದ 19 ಸ್ಥಳಗಳಿಗೆ ಬೇಲಿ ಹಾಕಿ, ಇಪ್ಪತ್ತನೆಯದನ್ನು ಬಳಕೆದಾರರ ಸುತ್ತಲೇ ದೊಡ್ಡದಾಗಿ ಹಾಕಿ. ಅದರಿಂದ ಹೊರಬಿದ್ದಾಗ ಹತ್ತಿರದ 19ನ್ನು ಮತ್ತೆ ಎಣಿಸಿ.

ಸುದ್ದಿ ಬಂದ ಮೇಲೆ

ಕೆಲಸದ ಹೃದಯ ಇರುವುದು ಇಲ್ಲಿ. ಹೊರಬೇಲಿ ದಾಟಿದ ಸುದ್ದಿ ಆಂಡ್ರಾಯ್ಡ್‌ನಲ್ಲಿ ಬ್ರಾಡ್‌ಕಾಸ್ಟ್ ರಿಸೀವರ್‌ಗೆ, ಅಂದರೆ ಸಿಸ್ಟಮ್‌ನ ಸುದ್ದಿ ಪಡೆಯುವ ಆ್ಯಪಿನ ಭಾಗಕ್ಕೆ, ಬರುತ್ತದೆ. ಅದಕ್ಕೆ ಸಿಗುವುದು ಕೆಲವೇ ಸೆಕೆಂಡ್. ಅಷ್ಟರಲ್ಲಿ ಸ್ಥಳ ಹುಡುಕಲು ಕೂರಬೇಡಿ, ನೋಟಿಫಿಕೇಶನ್ ತೋರಿಸುತ್ತಾ ಹೆಚ್ಚು ಹೊತ್ತು ಕೆಲಸ ಮಾಡುವ ಫೋರ್‌ಗ್ರೌಂಡ್ ಸರ್ವಿಸ್ ಶುರು ಮಾಡಿ. ಆಂಡ್ರಾಯ್ಡ್ 12ರಿಂದ ಹಿನ್ನೆಲೆಯಿಂದ ಇಂಥ ಸರ್ವಿಸ್ ಶುರು ಮಾಡಲು ನಿರ್ಬಂಧವಿದೆ. ಆದರೆ ಜಿಯೋಫೆನ್ಸ್ ಸುದ್ದಿ ಬಂದಾಗ ವಿನಾಯಿತಿ ಇದೆ, ಆ ವಿನಾಯಿತಿಯನ್ನು ಬಳಸಿಕೊಳ್ಳಿ. ಆಂಡ್ರಾಯ್ಡ್ 14ರಲ್ಲಿ ಸರ್ವಿಸ್‌ನ ಬಗೆ ‘ಲೊಕೇಶನ್’ ಎಂದು ಆ್ಯಪಿನ ಘೋಷಣೆಗಳ ಕಡತವಾದ ಮ್ಯಾನಿಫೆಸ್ಟ್‌ನಲ್ಲಿ ಬರೆದು, ಅದಕ್ಕೆ ಸಂಬಂಧಿಸಿದ ಅನುಮತಿಯನ್ನೂ ಘೋಷಿಸಿರಬೇಕು. ಐಫೋನಿನಲ್ಲಾದರೆ ಹಿನ್ನೆಲೆ ಸ್ಥಳದ ಸೌಲಭ್ಯವನ್ನು ಮೊದಲೇ ಸಕ್ರಿಯಗೊಳಿಸಿಟ್ಟು, ಸುದ್ದಿ ಬಂದ ಕೂಡಲೇ ನಿರಂತರ ಸ್ಥಳ ಪಡೆಯಲು ಆರಂಭಿಸಿ.

ಇಲ್ಲಿಂದ ನಿಮಿಷಕ್ಕೊಮ್ಮೆ ಸ್ಥಳ ಸಿಕ್ಕರೂ ಸಾಕು. ರಾತ್ರಿಯಿಡೀ ಜಿಪಿಎಸ್ ಓಡಿಸುವ ಬದಲು ಕೊನೆಯ ಅರ್ಧ ಗಂಟೆ ಮಾತ್ರ ಓಡಿಸುತ್ತಿರುವುದರಿಂದ ಬ್ಯಾಟರಿಯ ಚಿಂತೆಯೂ ಕಡಿಮೆ. ಪ್ರತಿ ಸಲ ಸ್ಥಳ ಬಂದಾಗ ಮೊದಲು ಅದು ಎಷ್ಟು ಹಳೆಯದೆಂದು ನೋಡಿ. ಸಿಸ್ಟಮ್ ಕೆಲವೊಮ್ಮೆ ಹತ್ತು ನಿಮಿಷ ಹಿಂದಿನ, ಅಂದರೆ 15 ಕಿಲೋಮೀಟರ್ ಹಿಂದಿನ ಸ್ಥಳವನ್ನು ಈಗಿನದೆಂಬಂತೆ ಕೈಗಿಡುತ್ತದೆ. ಅಂಥದ್ದನ್ನು ಕೈಬಿಡಿ. ಆಮೇಲೆ ನಿಖರತೆ. ಆಂಡ್ರಾಯ್ಡ್ ಕೊಡುವ ನಿಖರತೆಯ ಸಂಖ್ಯೆ ಎಂದರೆ ನಿಜವಾದ ಸ್ಥಳ ಆ ತ್ರಿಜ್ಯದೊಳಗೆ ಇರುವ ಸಾಧ್ಯತೆ 68% ಎಂದಷ್ಟೇ. ಮೂರರಲ್ಲಿ ಒಂದು ಸಲ ಅದರ ಹೊರಗೇ ಇರಬಹುದು. ಹಾಗಾಗಿ ನಿಲ್ದಾಣಕ್ಕಿರುವ ದೂರದಿಂದ ನಿಖರತೆಯ ಎರಡು ಪಟ್ಟನ್ನು ಕಳೆದು, ಉಳಿದದ್ದನ್ನೇ ದೂರವೆಂದು ಹಿಡಿಯಿರಿ.

ಈ ದೂರವನ್ನು ಕಳೆದ ಕೆಲವು ನಿಮಿಷಗಳ ವೇಗದಿಂದ ಭಾಗಿಸಿದರೆ ಉಳಿದ ಸಮಯ ಸಿಗುತ್ತದೆ. ನಾವು ಅಳೆಯುತ್ತಿರುವುದು ನೇರ ದೂರ, ರೈಲು ಹೋಗುವುದು ಹಳಿಯ ಮೇಲೆ. ಹಳಿ ಎಷ್ಟು ಸುತ್ತಿದರೂ ಅದರ ಉದ್ದ ನೇರ ದೂರಕ್ಕಿಂತ ಕಡಿಮೆಯಾಗಲಾರದು. ಅಂದರೆ ಇಲ್ಲಿ ತಪ್ಪಾದರೂ ಸ್ವಲ್ಪ ಬೇಗ ಎಬ್ಬಿಸುವ ಕಡೆಗೇ ಆಗುತ್ತದೆ, ಅದು ನಮಗೆ ಬೇಕಾದ ಕಡೆಯ ತಪ್ಪು. ರೈಲು ನಿಂತಿದ್ದಾಗ ವೇಗ ಸೊನ್ನೆ, ಭಾಗಾಕಾರ ನಡೆಯುವುದಿಲ್ಲ. ಆಗ ನಿಲ್ಲುವ ಮುಂಚಿನ ವೇಗವನ್ನೇ ಬಳಸಿ. ಜೊತೆಗೆ ಒಂದು ಗಟ್ಟಿ ನಿಯಮ ಇಡಿ: ದೂರ 5 ಕಿಲೋಮೀಟರ್‌ಗಿಂತ ಕಡಿಮೆಯಾದರೆ ವೇಗ ಏನೇ ಇರಲಿ ಎಬ್ಬಿಸು.

ಎಬ್ಬಿಸುವಾಗ ಪರದೆಯ ಮೇಲೆ ಬರೆಯುವ ಮಾತಿಗೂ ಬೆಲೆಯಿದೆ. ಬೆಂಗಳೂರಿನಿಂದ ಬರುವಾಗ ಬೀರೂರಿಗೆ ಆರೇಳು ಕಿಲೋಮೀಟರ್ ಮುಂಚೆ ಕಡೂರು ಬರುತ್ತದೆ. ಹತ್ತು ನಿಮಿಷ ಮುಂಚೆ ಎದ್ದ ಬೀರೂರಿನ ಪ್ರಯಾಣಿಕರ ಕಣ್ಣೆದುರು ಮೊದಲು ಬಂದು ನಿಲ್ಲುವುದು ಕಡೂರಿನ ಪ್ಲಾಟ್‌ಫಾರ್ಮ್. ‘ನಿಮ್ಮ ನಿಲ್ದಾಣ ಬರುತ್ತಿದೆ’ ಎಂದಷ್ಟೇ ಬರೆದಿದ್ದರೆ ನಿದ್ದೆಗಣ್ಣಿನಲ್ಲಿ ಅಲ್ಲೇ ಇಳಿದುಬಿಡಬಹುದು. ‘ಮೊದಲು ಕಡೂರು ಬರುತ್ತದೆ. ನೀವು ಇಳಿಯುವುದು ಅದರ ನಂತರದ ಬೀರೂರಿನಲ್ಲಿ’ ಎಂದು ಬರೆಯಿರಿ. ನಿಲ್ದಾಣಗಳ ಪಟ್ಟಿ ನಿಮ್ಮಲ್ಲಿ ಇದ್ದೇ ಇದೆ, ಒಂದು ಸಾಲು ಹೆಚ್ಚು ಬರೆಯಲು ಕಷ್ಟವೇನೂ ಇಲ್ಲ.

ಸದ್ದಿನ ವಿಷಯ: ಆಂಡ್ರಾಯ್ಡ್‌ನಲ್ಲಿ ನೋಟಿಫಿಕೇಶನ್ ಚಾನೆಲ್‌ನ (ನೋಟಿಫಿಕೇಶನ್‌ಗಳ ವರ್ಗದ) ಪ್ರಾಮುಖ್ಯತೆ ಹೆಚ್ಚಿನದಿರಲಿ, ಧ್ವನಿಯ ಬಳಕೆ ‘ಅಲಾರ್ಮ್’ ಎಂದಿರಲಿ. ಇಲ್ಲದಿದ್ದರೆ ರಾತ್ರಿ ರಿಂಗ್ ಧ್ವನಿ ತಗ್ಗಿಸಿ ಮಲಗಿದವರಿಗೆ ಏನೂ ಕೇಳಿಸುವುದಿಲ್ಲ. ಐಒಎಸ್ 15ರಿಂದ ಸಮಯಸೂಕ್ಷ್ಮ ನೋಟಿಫಿಕೇಶನ್ ಎಂಬ ದರ್ಜೆ ಇದೆ, ಅದನ್ನು ಬಳಸಿ. ಸುದ್ದಿ ಎರಡು ಸಲ ಬಂದರೂ ಗಂಟೆ ಒಮ್ಮೆಯೇ ಬಾರಿಸಬೇಕು. ಅದಕ್ಕೆ ಪ್ರಯಾಣದ ಸ್ಥಿತಿಯನ್ನು ಡೇಟಾಬೇಸ್‌ನಲ್ಲಿಡಿ: ಕಾಯುತ್ತಿದೆ, ಸಮೀಪಿಸಿದೆ, ಎಬ್ಬಿಸಲಾಗಿದೆ, ಮುಗಿದಿದೆ. ಮುಂದಕ್ಕೆ ಮಾತ್ರ ಚಲಿಸುವ ಈ ಸ್ಥಿತಿಗಳಿದ್ದರೆ ಮತ್ತೆ ಬಂದ ಸುದ್ದಿ ತಾನಾಗಿಯೇ ನಿರುಪಯುಕ್ತವಾಗುತ್ತದೆ.

ಬೇಲಿಯೇ ಕೈಕೊಟ್ಟರೆ

ಇಷ್ಟು ಮಾಡಿದರೂ ಸುದ್ದಿ ಬಾರದ ರಾತ್ರಿ ಇರುತ್ತದೆ. ಹಲವು ತಯಾರಕರ ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು ಆ್ಯಪ್‌ಗಳನ್ನು ನಿರ್ದಾಕ್ಷಿಣ್ಯವಾಗಿ ನಿಲ್ಲಿಸುತ್ತವೆ. ಆ್ಯಪ್ ತಾನಾಗಿ ಶುರುವಾಗಲು ಬೇಕಾದ ‘ಆಟೋಸ್ಟಾರ್ಟ್’ ಅನುಮತಿ ಕೊಡಲು, ಬ್ಯಾಟರಿ ನಿರ್ಬಂಧ ಸಡಿಲಿಸಲು ಬಳಕೆದಾರರಿಗೆ ಸಚಿತ್ರವಾಗಿ ತೋರಿಸಿ. ಆದರೆ ಅದನ್ನೇ ನಂಬಿ ಕೂರಬೇಡಿ.

ಎರಡನೆಯ ದಾರಿ ವೇಳಾಪಟ್ಟಿ. ರೈಲು ತಡವಾಗುವುದು ಸಾಮಾನ್ಯ, ಹೇಳಿದ ವೇಳೆಗಿಂತ ಬಹಳ ಮುಂಚೆ ಬರುವುದು ಅಪರೂಪ. ಪ್ರಯಾಣ ಶುರುವಾದಾಗಲೇ, ತಲುಪುವ ವೇಳೆಗೆ 25 ನಿಮಿಷ ಮುಂಚಿನ ಒಂದು ಅಲಾರ್ಮನ್ನು ಗುಟ್ಟಾಗಿ ಇಟ್ಟುಬಿಡಿ. ಆಂಡ್ರಾಯ್ಡ್‌ನಲ್ಲಿ ಅಲಾರ್ಮ್ ಗಡಿಯಾರದ ಬಗೆಯ ಅಲಾರ್ಮ್ ಫೋನ್ ಡೋಜ್ ಎಂಬ ಬ್ಯಾಟರಿ ಉಳಿಸುವ ಗಾಢ ನಿದ್ದೆಯ ಸ್ಥಿತಿಯಲ್ಲಿದ್ದರೂ ಬರುತ್ತದೆ. 12ರಿಂದ ಅದಕ್ಕೂ ಅನುಮತಿ ಬೇಕಾಗುತ್ತದೆ. ಅದು ಬಂದಾಗ ಒಮ್ಮೆ ಸ್ಥಳ ನೋಡಿ. ರೈಲು ಇನ್ನೂ ದೂರವಿದ್ದರೆ ಅಲಾರ್ಮನ್ನು ಮುಂದಕ್ಕೆ ಹಾಕಿ. ಹತ್ತಿರವಿದ್ದರೆ ಮೇಲಿನ ಲೆಕ್ಕ ಶುರು ಮಾಡಿ. ಸ್ಥಳವೇ ಸಿಗದಿದ್ದರೆ ಪ್ರಯಾಣಿಕರನ್ನು ಎಬ್ಬಿಸಿ, ‘ರೈಲು ಎಲ್ಲಿದೆ ಎಂದು ತಿಳಿಯುತ್ತಿಲ್ಲ, ದಯವಿಟ್ಟು ನೋಡಿಕೊಳ್ಳಿ’ ಎಂದು ಹೇಳಿ. ಅರ್ಧ ಗಂಟೆ ನಿದ್ದೆ ಹೋದದ್ದನ್ನು ಜನ ಕ್ಷಮಿಸುತ್ತಾರೆ, ಊರು ದಾಟಿಹೋದದ್ದನ್ನು ಕ್ಷಮಿಸುವುದಿಲ್ಲ. ಐಫೋನಿನಲ್ಲಿ ಆ್ಯಪನ್ನು ಎಬ್ಬಿಸದೆ ಸಿಸ್ಟಮ್ಮೇ ನೇರವಾಗಿ ತೋರಿಸುವ, ಸ್ಥಳ ಆಧರಿಸಿದ ನೋಟಿಫಿಕೇಶನ್ ಇದೆ. ನಿಲ್ದಾಣದಿಂದ 10 ಕಿಲೋಮೀಟರ್‌ಗೆ ಅಂಥದ್ದೊಂದನ್ನು ಮೀಸಲಾಗಿ ಇಟ್ಟು, ವೇಳೆಗೆ ತಕ್ಕ ನೋಟಿಫಿಕೇಶನ್ ಒಂದನ್ನೂ ಸೇರಿಸಿ.

ಪರೀಕ್ಷೆ

ಎಮ್ಯುಲೇಟರ್‌ನಲ್ಲಿ ಪ್ರಯಾಣದ ಹಾದಿ ದಾಖಲಾಗಿರುವ ಜಿಪಿಎಕ್ಸ್ ಕಡತ ಓಡಿಸಿ ಲೆಕ್ಕದ ತರ್ಕವನ್ನು ಪರೀಕ್ಷಿಸಬಹುದು. ಐಫೋನ್ ಆ್ಯಪ್ ಬರೆಯುವ ಎಕ್ಸ್‌ಕೋಡ್‌ನಲ್ಲೂ ಆ ಸೌಲಭ್ಯವಿದೆ. ಒಮ್ಮೆ ನಿಜವಾದ ರೈಲಿನಲ್ಲಿ ಹೋಗಿ ಹಾದಿಯನ್ನು ದಾಖಲಿಸಿಕೊಂಡರೆ, ನಿಖರತೆ ಕೆಟ್ಟ ಕಡೆ, ರೈಲು ನಿಂತ ಕಡೆ ಎಲ್ಲವೂ ಸಿಕ್ಕಿ, ಅದನ್ನು ಮತ್ತೆ ಮತ್ತೆ ಓಡಿಸಬಹುದು. ಆದರೆ ಸುದ್ದಿಯ ತಡವನ್ನು ಎಮ್ಯುಲೇಟರ್ ತೋರಿಸಲಾರದು. ಅದಕ್ಕೆ ನಿಜವಾದ ಫೋನ್ ಬೇಕು: ಚಾರ್ಜರ್ ಕಿತ್ತು, ಪರದೆ ಆರಿಸಿ, ಆ್ಯಪನ್ನು ಮುಚ್ಚಿ, ಜೇಬಿನಲ್ಲಿಟ್ಟು ಹೊರಡಬೇಕು. ಕೇಬಲ್ ಚುಚ್ಚಿದ ಫೋನ್ ಡೋಜ್‌ಗೆ ಹೋಗುವುದಿಲ್ಲ, ಹಾಗಾಗಿ ಡೆವಲಪರ್ ಮೇಜಿನ ಮೇಲೆ ಎಲ್ಲವೂ ಚೊಕ್ಕವಾಗಿ ನಡೆಯುತ್ತದೆ. ಕಡಿಮೆ ಬೆಲೆಯ, ಎರಡು ಮೂರು ವರ್ಷ ಹಳೆಯ ಫೋನುಗಳಲ್ಲಿ ಪರೀಕ್ಷಿಸಿ, ರಾತ್ರಿ ರೈಲಿನ ಸ್ಲೀಪರ್ ಬೋಗಿಯಲ್ಲಿ ಹೆಚ್ಚಾಗಿ ಇರುವುದು ಅವೇ.

ಪ್ರತಿ ಪ್ರಯಾಣದ ದಾಖಲೆಯನ್ನು ಫೋನಿನಲ್ಲೇ ಬರೆದಿಡಿ: ಬೇಲಿ ಯಾವಾಗ ನೋಂದಣಿಯಾಯಿತು, ಸುದ್ದಿ ಯಾವಾಗ ಬಂತು, ಆಗ ಸಿಕ್ಕ ಸ್ಥಳ ಎಷ್ಟು ಹಳೆಯದು, ನಿಖರತೆ ಎಷ್ಟು, ಯಾವ ಅನುಮತಿಗಳಿದ್ದವು, ಗಂಟೆ ಬಾರಿಸಿದ್ದು ಬೇಲಿಯ ದಾರಿಯಿಂದಲೋ ವೇಳಾಪಟ್ಟಿಯ ದಾರಿಯಿಂದಲೋ. ‘ನನ್ನನ್ನು ಎಬ್ಬಿಸಲಿಲ್ಲ’ ಎಂದು ಯಾರಾದರೂ ಬರೆದಾಗ, ಅವರು ಒಪ್ಪಿ ಕಳುಹಿಸಿದರೆ, ಈ ಒಂದು ಪುಟದಿಂದ ಕಾರಣ ಹಿಡಿಯಬಹುದು. ನೋಂದಣಿಯ ಸಾಲೇ ಇಲ್ಲದಿದ್ದರೆ ಫೋನ್ ಮರುಚಾಲನೆಯಾಗಿದೆಯೇ ಎಂದು ನೋಡಿ. ನೋಂದಣಿ ಇದ್ದು ಸುದ್ದಿ ಬಂದಿಲ್ಲವೆಂದರೆ ಅನುಮತಿಯನ್ನೂ ಬ್ಯಾಟರಿ ನಿರ್ಬಂಧವನ್ನೂ ನೋಡಿ. ಸುದ್ದಿ ಬಂದೂ ಗಂಟೆ ಕೇಳಿಸಿಲ್ಲವೆಂದರೆ ನೋಟಿಫಿಕೇಶನ್ ಚಾನೆಲ್ ನೋಡಿ.

ಪ್ರಯಾಣಿಕರು ‘ಎದ್ದೆ’ ಎಂದು ಒತ್ತಿದ ಮೇಲೂ ಸ್ವಲ್ಪ ಹೊತ್ತು ಲೆಕ್ಕ ಮುಂದುವರಿಯಲಿ, ಒತ್ತಿ ಮತ್ತೆ ಮಲಗುವವರು ಬಹಳ ಜನ. ನಿಲ್ದಾಣಕ್ಕೆ 2 ಕಿಲೋಮೀಟರ್ ಇರುವಾಗ ಇನ್ನೊಮ್ಮೆ ಬಾರಿಸಿ. ಅವರು ಇಳಿದು ರೈಲು ಮುಂದೆ ಹೋದ ಮೇಲೆ ಬೇಲಿ ತೆಗೆಯಿರಿ, ಸರ್ವಿಸ್ ನಿಲ್ಲಿಸಿ, ಉಳಿದ ಅಲಾರ್ಮ್‌ಗಳನ್ನು ರದ್ದು ಮಾಡಿ.